ಆಗ್ನೇಯ ಮೂಲೆಯಲ್ಲಿ ನೆಲೆಸಿದ್ದ ಗ್ರಾಫಿಕ್ಸ್ ಕಾರ್ಡ್ ಸಾಹೇಬರ ಸನ್ನಿಧಾನಕ್ಕೆ

ಶ್ರೀಮಾನ್ ಗ್ರಾಫಿಕ್ಸ್ ಕಾರ್ಡ್ ಸಾಹೇಬರಿಗೆ,
ಕೇರಾಫ್ ಶಿವಕುಮಾರ ಎಂಜಿನಿಯರ್ ಅವರ ಕಚೇರಿ,
ಹದಡಿ ರಸ್ತೆ, ದಾವಣಗೆರೆ.

ಮಾನ್ಯರೇ,

ತಮ್ಮ ಎರಡೂ ಫ್ಯಾನುಗಳು ಆರೋಗ್ಯವಾಗಿ ತಿರುಗುತ್ತಿವೆಯೆಂದೂ, ತಮ್ಮ ಮೈ ತಾವು ಬಯಸಿದಷ್ಟೇ ಬಿಸಿಯಾಗಿದೆಯೆಂದೂ, ಇಂದು ಬೆಳಿಗ್ಗೆಯಿಂದ ಯಾರೂ ತಮ್ಮನ್ನು ಊದಿ, ಒರೆಸಿ, ಕಿತ್ತು, ಮತ್ತೆ ಚುಚ್ಚಿ ಅವಮಾನಿಸಿಲ್ಲವೆಂದೂ ನಂಬಿ, ಕುಕ್ಕುವಾಡದಿಂದ ಈ ಊರಿಗೆ ಬಂದು ನಿಟ್ಟುವಳ್ಳಿಯಲ್ಲಿ ಬಾಡಿಗೆಗಿರುವ ಉಜ್ಜನಪ್ಪನೆಂಬ ನಾನು ಈ ಪತ್ರವನ್ನು ಎಲ್ಲರೂ ಓದುವಂತೆ ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ. ಲ್ಯಾಪ್‌ಟಾಪು ಸದ್ಯ ತಮ್ಮ ಸೇವೆಯಲ್ಲಿ ನಿರತವಾಗಿರುವುದರಿಂದ ಇದನ್ನು ಫೋನಿಗೆ ಬಾಯಲ್ಲೇ ಹೇಳಿ ಬರೆಸುತ್ತಿದ್ದೇನೆ. ನಡುವೆ ಎಲ್ಲಾದರೂ ಹಲ್ಲು ಕಡಿದ ಸದ್ದು ಅಕ್ಷರವಾಗಿ ಮೂಡಿದ್ದರೆ ಅದನ್ನು ಗೌರವವೆಂದೇ ಓದಿಕೊಳ್ಳಬೇಕು.

ತಾವು ದೊಡ್ಡವರು, ಬಂದ ಕಾರಣ ಮರೆತಿರಬಹುದು. ನಮ್ಮ ಕಚೇರಿಯಲ್ಲಿ ಇನ್ನೂ ಕಟ್ಟದ ಮನೆಗಳನ್ನು ಕಟ್ಟಿದಂತೆ ತೋರಿಸುತ್ತೇವೆ. ಗೇಟಿನಿಂದ ಒಳಗೆ ಕರೆದುಕೊಂಡು ಹೋಗಿ, ಪಡಸಾಲೆ ದಾಟಿಸಿ, ಮೆಟ್ಟಿಲು ಹತ್ತಿಸಿ, ಯಾವ ಕಿಟಕಿಯಿಂದ ಎಷ್ಟು ಹೊತ್ತಿಗೆ ಎಷ್ಟು ಬಿಸಿಲು ಬೀಳುತ್ತದೆ ಎಂಬುದನ್ನೂ ಪರದೆಯ ಮೇಲೆ ತೋರಿಸುವುದು ನನ್ನ ಕೆಲಸ. ಹರಿಹರದ ಕಾಳುಬೇಳೆ ವ್ಯಾಪಾರಿ ಕೊಟ್ಟೂರಪ್ಪನವರು ಹೊಳೆಯ ಕಡೆಗೆ ಒಂದು ಮನೆ ಕಟ್ಟಿಸುತ್ತಿದ್ದಾರೆ. ತಳಪಾಯ ಮುಗಿದಿದೆ. ನೀಲಿ ನಕ್ಷೆಯನ್ನು ಅವರ ಹೆಂಡತಿ ಅಕ್ಕನಾಗಮ್ಮನವರ ಮುಂದೆ ಹಾಸಿದಾಗ ಅವರು ಅದನ್ನು ಆ ಕಡೆಯಿಂದಲೂ ಈ ಕಡೆಯಿಂದಲೂ ನೋಡಿ, “ಈ ಗೆರೆ ನಂಗೆ ತಿಳಿಯಲ್ಲಪ್ಪ ತಮ್ಮಾ. ಮದುವೆ ಆದಾಗಿಂದ ಹಗಲೊತ್ತು ಲೈಟ್ ಹಾಕ್ಕಂಡು ಅಡಿಗೆ ಮಾಡೀನಿ. ಈ ಮನೇಲಿ ಬಿಸಿಲಾಗೆ ಕುಂತು ಅಕ್ಕಿ ಆರಿಸಂಗಿದ್ರೆ ಸಾಕು. ಐತೋ ಇಲ್ಲೋ, ನನ್ನ ಒಳಗೆ ನಡೆಸಿ ತೋರ್ಸು” ಎಂದಿದ್ದರು. ಅವರು ಕೇಳಿದ್ದು ಅದೊಂದೇ. ಅದನ್ನು ತೋರಿಸಲು ಕಚೇರಿಯ ಲ್ಯಾಪ್‌ಟಾಪಿಗೆ ಶಕ್ತಿ ಇರಲಿಲ್ಲ. ಮೆಟ್ಟಿಲು ಹತ್ತುವಾಗಲೇ ಅದಕ್ಕೆ ಏದುಸಿರು ಬರುತ್ತಿತ್ತು. ಆದ್ದರಿಂದ ತಮ್ಮನ್ನು ಬರಮಾಡಿಕೊಳ್ಳಲಾಯಿತು.

ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಹಿಡಿಸದಷ್ಟು ದಪ್ಪಗಿರುವ ತಾವು ಹೊರಗೇ ಬೇರೆ ಪೀಠದ ಮೇಲೆ ಕೂತು, ಬೇರೆ ಕರೆಂಟು ಕುಡಿದು, ಒಂದು ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಚಿತ್ರ ಬಿಡಿಸುವ ಕೆಲಸ ಮಾಡಿಕೊಡುವವರು. ಬೀಗರೊಬ್ಬರು ಮದುವೆಗೆ ಬಂದು, ಮನೆಯೊಳಗೆ ಜಾಗ ಸಾಲದು ಎಂದು ಹೊರಗೆ ಪ್ರತ್ಯೇಕ ಹಾಸಿಗೆ ಹಾಕಿಸಿಕೊಂಡು, ಅಲ್ಲಿಂದಲೇ ಕಾಫಿ ಕೇಳುವಂತೆ. ತಮ್ಮನ್ನು ಕೊಟ್ಟವರು ಮಂಡಿಪೇಟೆಯ ಹಿಂದಿನ ಗಲ್ಲಿಯಲ್ಲಿ ಹಳೆ ಕಂಪ್ಯೂಟರ್ ಸಾಮಾನು ಮಾರುವ ಜಮಾಲುದ್ದೀನ್ ಭಾಯಿ. ತಮ್ಮನ್ನು ಎರಡು ಕೈಯಲ್ಲಿ ಎತ್ತಿ ತೋರಿಸಿ, “ಏಕ್‌ದಮ್ ಶರೀಫ್ ಪೀಸ್ ಐತೆ ಭಾಯ್. ಮನೆಯಾಗೆ ಯೂಸ್ ಮಾಡಿದ್ದು, ಗೇಮ್ ಸೈತ ಆಡಿಲ್ಲ” ಎಂದರು. ಗೇಮ್ ಆಡದ ಮನೆಯಲ್ಲಿ ತಮ್ಮಂಥವರು ಏನು ಮಾಡುತ್ತಿದ್ದಿರಿ, ರೊಟ್ಟಿ ಬೇಯಿಸುತ್ತಿದ್ದಿರಾ ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ.

ಕಚೇರಿಯಲ್ಲಿ ತಮ್ಮ ಆಗಮನಕ್ಕೆ ಶಿವಕುಮಾರ ಸರ್ ಅವರೇ ದಿಕ್ಸೂಚಿ ಹಿಡಿದು ನಿಂತಿದ್ದರು. ಸರ್ ಎಂಜಿನಿಯರಿಂಗ್ ಓದಿದ್ದು ಕಾಲೇಜಿನಲ್ಲಾದರೂ, ಮನೆ ಕಟ್ಟಿಸುವವರ ಮನಸ್ಸನ್ನು ಓದಿದ್ದು ವಾಸ್ತುವಿನಲ್ಲಿ. ನಾನೂ ಲ್ಯಾಪ್‌ಟಾಪೂ ಈಶಾನ್ಯದಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂರುತ್ತೇವೆ. ನಮ್ಮ ಪಕ್ಕದಲ್ಲಿ ತಾಮ್ರದ ಕೊಡದಲ್ಲಿ ಕುಡಿಯುವ ನೀರು. ನಾನು ತಮ್ಮನ್ನು ಅದರ ಪಕ್ಕ ಇಡಲು ಹೋದಾಗ ಸರ್ ಕಿರುಚಿದ ರೀತಿಗೆ ಕೆಳಗಿನ ಬೇಕರಿಯವರೂ ಹೊರಗೆ ಬಂದರು. “ಲೇ ಉಜ್ಜಾ, ಅದು ಕಾದು ಬೆಂಕಿ ಆಗೋ ವಸ್ತು ಅಲ್ಲೇನೋ! ಈಶಾನ್ಯದಾಗೆ ನೀರು ಐತೆ, ಅದರ ಪಕ್ಕ ಬೆಂಕಿ ಇಡ್ತೀಯಲ್ಲ, ಆಫೀಸ್ ಮುಚ್ಚಿಸ್ಬೇಕು ಅಂತ ಮಾಡೀಯೇನು? ಬೆಂಕಿ ಅಂದ್ರೆ ಆಗ್ನೇಯ. ಅಲ್ಲಿಡು.” ಆಗ್ನೇಯ ಮೂಲೆ ಎಂದರೆ ಕೋಣೆಯ ಆ ತುದಿ. ತಮ್ಮ ಜೊತೆ ಡಬ್ಬಿಯಲ್ಲಿ ಬಂದಿದ್ದ ಕೇಬಲ್ ನನ್ನ ಮೊಣಕೈಯಷ್ಟೂ ಉದ್ದವಿರಲಿಲ್ಲ. ಅದಕ್ಕೆ ಸರ್, ಇನ್ನೊಂದು ಉದ್ದನೆಯದನ್ನು ತರಿಸಿ, ಅದೂ ಸಾಲದೆ ನಡುವೆ ಒಂದು ಜೋಡಣೆ ಹಾಕಿಸಿ, ಗೋಡೆಯ ಅಂಚಿನಲ್ಲಿ, ದೇವರ ಫೋಟೋದ ಕೆಳಗೆ, ಗ್ರಾಹಕರ ಸೋಫಾದ ಹಿಂದೆ ಹಾಯಿಸಿ ತಮಗೂ ನನಗೂ ಸಂಬಂಧ ಕಲ್ಪಿಸಿದರು. ಅದು ಕೇಬಲ್ಲಲ್ಲ, ಭದ್ರಾ ನಾಲೆ. ನಾಲೆಯ ಕೊನೆಯ ಗದ್ದೆಗೆ ನೀರು ಎಷ್ಟು ತಲುಪುತ್ತದೆ ಎಂಬುದು ಕುಕ್ಕುವಾಡದಲ್ಲಿ ಹುಟ್ಟಿದ ನನಗೆ ಆಗಲೇ ಹೊಳೆಯಬೇಕಿತ್ತು.

ಮೊದಲ ದಿನ ತಾವು ಇದ್ದೀರೆಂದೇ ಲ್ಯಾಪ್‌ಟಾಪು ಒಪ್ಪಲಿಲ್ಲ. ಎರಡನೆಯ ದಿನ ಒಪ್ಪಿತು, ಆದರೆ ತಮ್ಮ ಹೆಸರಿನ ಮೇಲೆ ಹಳದಿ ತ್ರಿಕೋನವನ್ನು ಕುಂಕುಮದಂತೆ ಇಟ್ಟು ತೋರಿಸಿತು. ಆ ತ್ರಿಕೋನವನ್ನು ಒತ್ತಿದರೆ ತಮ್ಮ ಅಮೃತವಾಣಿ: ಕೋಡ್ ನಲವತ್ತಮೂರು, ತೊಂದರೆ ಇದೆಯೆಂದು ಈ ಸಾಧನವೇ ತಿಳಿಸಿರುವುದರಿಂದ ಇದನ್ನು ನಿಲ್ಲಿಸಲಾಗಿದೆ. ಏನು ತೊಂದರೆ, ಎಲ್ಲಿ ತೊಂದರೆ, ಯಾರಿಂದ ತೊಂದರೆ ಎಂಬುದನ್ನು ತಿಳಿಸುವುದು ತಮ್ಮ ಘನತೆಗೆ ಕಡಿಮೆಯಾಗಿರಬೇಕು. ತಾಲ್ಲೂಕು ಕಚೇರಿಯಲ್ಲಿ ಕಿಟಕಿ ಮುಚ್ಚುವಾಗಲಾದರೂ ಊಟದ ಹೊತ್ತು ಎಂಬ ಒಂದು ಕಾರಣ ಹೇಳುತ್ತಾರೆ. ತಾವು ಅವರಿಗಿಂತ ಮೇಲಿನವರು, ಸಂಖ್ಯೆ ಮಾತ್ರ ಹೇಳಿ ಕಿಟಕಿ ಮುಚ್ಚುತ್ತೀರಿ.

ನಾನು ತಮ್ಮನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಕಿತ್ತು ಹಾಕಿದೆ, ಮತ್ತೆ ಹಾಕಿದೆ, ಹಳೆಯದನ್ನು ಹಾಕಿದೆ, ಹೊಸದನ್ನು ಹಾಕಿದೆ. ಮೊದಲು ತಮ್ಮನ್ನು ಎಬ್ಬಿಸಿ ಆಮೇಲೆ ಲ್ಯಾಪ್‌ಟಾಪನ್ನು ಎಬ್ಬಿಸಿದೆ. ಅದು ತಮಗೆ ಹಿಡಿಸದಿದ್ದಾಗ ಮೊದಲು ಲ್ಯಾಪ್‌ಟಾಪನ್ನು ಎಬ್ಬಿಸಿ ಆಮೇಲೆ ತಮ್ಮ ಬಾಗಿಲು ತಟ್ಟಿದೆ. ಲ್ಯಾಪ್‌ಟಾಪಿನ ಒಳಗಿದ್ದ ಬಡ ಗ್ರಾಫಿಕ್ಸನ್ನು, ಇಷ್ಟು ವರ್ಷ ನಿಯತ್ತಾಗಿ ದುಡಿದ ಜೀವವನ್ನು, ತಮ್ಮ ಮರ್ಯಾದೆಗಾಗಿ ಕೆಲಸದಿಂದ ನಿಲ್ಲಿಸಿದೆ. ಜಮಾಲುದ್ದೀನ್ ಭಾಯಿಗೆ ಫೋನು ಮಾಡಿದರೆ ಅವರು ಆ ಕಡೆಯಿಂದ ಚಹಾ ಹೀರುತ್ತಾ, “ಗರಂ ಆಗಿರ್ತೈತೆ ಭಾಯ್. ಟೇಬಲ್ ಫ್ಯಾನ್ ಹಚ್ಚಿ ನೋಡ್ರಿ. ಇಲ್ಲಾಂದ್ರೆ ವಿಂಡೋಸ್ ಖರಾಬ್ ಆಗೈತೆ. ಮಾಲಿಗೆ ಏನೂ ಆಗಿಲ್ಲ, ನನ್ನ ಜಬಾನ್” ಎಂದರು. ನಾನು ಸೆಖೆಯಲ್ಲಿ ಬೆವರುತ್ತಾ, ಕಚೇರಿಯ ಒಂದೇ ಟೇಬಲ್ ಫ್ಯಾನನ್ನು ತಮ್ಮ ಮುಂದೆ ಇಟ್ಟೆ. ತಮ್ಮ ಬಳಿ ಆಗಲೇ ಎರಡು ಫ್ಯಾನುಗಳಿದ್ದವು ಎಂಬುದನ್ನು ಈ ಸಂದರ್ಭದಲ್ಲಿ ವಿನಯದಿಂದ ನೆನಪಿಸಬಯಸುತ್ತೇನೆ.

ಒಮ್ಮೊಮ್ಮೆ ತಾವು ಕೆಲಸ ಮಾಡುತ್ತಿದ್ದಿರಿ, ಅದನ್ನು ಮರೆಮಾಚಲಾರೆ. ಖಾಲಿ ಗೋಡೆ ತೋರಿಸುವಾಗ, ಕಾಂಪೌಂಡು ತೋರಿಸುವಾಗ ತಮ್ಮಷ್ಟು ಶೂರರಿಲ್ಲ. ಬಿಸಿಲು, ನೆರಳು, ಗಾಜು, ನೆಲದ ಹೊಳಪು ಎಲ್ಲವೂ ಒಟ್ಟಿಗೆ ಬಂದ ಕೂಡಲೇ ಪರದೆ ಒಮ್ಮೆ ನಡುಗಿ, ತಾವು ಕಾಣೆಯಾಗುತ್ತಿದ್ದಿರಿ. ಭಾರ ಎತ್ತಲೆಂದೇ ಕರೆಸಿದ ಹಮಾಲರು ಖಾಲಿ ಚೀಲವನ್ನು ಮಾತ್ರ ಹೊರುತ್ತೇನೆ ಎಂದಂತೆ.

ಕೊಟ್ಟೂರಪ್ಪ ದಂಪತಿ ಮನೆ ನೋಡಲು ಬಂದ ಶನಿವಾರ ತಾವು ತೋರಿದ ಪ್ರತಾಪವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಕ್ಕನಾಗಮ್ಮನವರು ಸೋಫಾದ ತುದಿಗೆ ಕೂತು, ನಿಜವಾಗಿಯೂ ನಡೆಯುತ್ತಿರುವಂತೆ ಸೆರಗು ಸರಿಮಾಡಿಕೊಂಡು, ಗೇಟಿನಿಂದ ಒಳಗೆ ಬಂದರು. ಪಡಸಾಲೆ ನೋಡಿ ತಲೆ ಆಡಿಸಿದರು. ದೇವರ ಮನೆಯ ಮುಂದೆ, ಪರದೆಯ ದೇವರಿಗೇ, ಕೈ ಮುಗಿದರು. “ಹ್ಞಾ, ಈಗ ಅಡಿಗೆ ಮನೆಗೆ ನಡಿಯಪ್ಪ” ಎಂದರು. ನಾನು ನಡೆದೆ. ಬಾಗಿಲು ತೆರೆಯಿತು. ತಾವು ಹೊರಟುಹೋದಿರಿ.

ಕಪ್ಪಾದ ಪರದೆಯ ಮುಂದೆ ಸರ್ ನಗುತ್ತಾ, “ಮಿಷಿನ್ದು ಇದ್ದದ್ದೇರಮ್ಮ. ಅಡಿಗೆ ಮನೆ ಫಸ್ಟ್ ಕ್ಲಾಸ್ ಬಂದೈತೆ, ಆಗ್ನೇಯಕ್ಕೆ ಕರೆಕ್ಟ್ ಐತೆ, ನನ್ನ ಮಾತು ನಂಬ್ರಿ. ಸೋಮವಾರ ಗೋಡೆ ಎಬ್ಬಿಸೋಣು” ಎಂದರು. ಅಕ್ಕನಾಗಮ್ಮನವರು ಸರ್ ಮುಖ ನೋಡಲಿಲ್ಲ, ನನ್ನ ಮುಖ ನೋಡಿ, “ಬಾಗ್ಲ ತನಕ ಕರ್ಕಂಡು ಬಂದು ಬಾಗ್ಲು ಹಾಕಿದ್ಯಲ್ಲೋ ತಮ್ಮಾ” ಎಂದು ಎದ್ದರು. ಬೈದಿದ್ದರೆ ಸಹಿಸಬಹುದಿತ್ತು. ಅವರು ಹೋದ ಮೇಲೆ ಸರ್ ತಮ್ಮ ಕಡೆ ಕೈ ತೋರಿಸಿ, “ಇದನ್ನ ಮನೆಗೆ ತಗಂಡು ಹೋಗು. ರೆಡಿ ಆದ್ರೆ ಆತು, ಇಲ್ಲಾಂದ್ರೆ ಇದೂ ಬ್ಯಾಡ, ನೀನೂ ಬ್ಯಾಡ” ಎಂದರು. ಹೀಗೆ ತಮ್ಮ ಹಣೆಬರಹಕ್ಕೂ ನನ್ನ ಹಣೆಬರಹಕ್ಕೂ ಒಂದೇ ಜೋಡಣೆ ಬಿತ್ತು.

ಭಾನುವಾರ ಮಧ್ಯಾಹ್ನ ನಿಟ್ಟುವಳ್ಳಿಯ ನನ್ನ ಕೋಣೆಗೆ ತಾವು ದಯಮಾಡಿಸಿದಿರಿ. ಆ ಕೋಣೆಯ ವಾಸ್ತುವಿನ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿ ಈಶಾನ್ಯಕ್ಕೂ ಆಗ್ನೇಯಕ್ಕೂ ನಡುವೆ ಇರುವುದು ಒಂದು ಚಾಪೆ. ಕಾಲು ಚಾಚಿ ಮಲಗಿದರೆ ನನ್ನ ತಲೆ ಒಬ್ಬ ದೇವತೆಯ ಮಡಿಲಲ್ಲಿ, ಪಾದ ಇನ್ನೊಬ್ಬರ ಮಡಿಲಲ್ಲಿ. ಉದ್ದನೆಯ ಕೇಬಲ್ ಬಿಚ್ಚಿ ಹಾಸಲು ಜಾಗವೇ ಇರಲಿಲ್ಲ. ಬೇಸರದಿಂದ ಡಬ್ಬಿಯ ತಳದಲ್ಲಿದ್ದ ಆ ಗಿಡ್ಡ ಕೇಬಲ್ಲನ್ನೇ ಚುಚ್ಚಿ, ತಮ್ಮನ್ನು ನೀರಿನ ಕ್ಯಾನಿಗೆ ಒರಗಿಸಿ ಕೂರಿಸಿದೆ. ತಾವು ಎದ್ದಿರಿ. ತ್ರಿಕೋನವಿಲ್ಲ, ಸಂಖ್ಯೆಯಿಲ್ಲ, ಮುನಿಸಿಲ್ಲ. ಪರೀಕ್ಷೆಗೆಂದು ತೆರೆದ ಇನ್ನೊಂದು ಮನೆಯಲ್ಲಿ ಗಾಜು, ನೀರು, ಬಿಸಿಲು, ಏನು ಕೇಳಿದರೂ ಕೊಟ್ಟಿರಿ. ನಾನು ಅನ್ನ ಮಾಡಿ, ಉಂಡು, ಪಾತ್ರೆ ತೊಳೆದರೂ ತಾವು ಇನ್ನೂ ದುಡಿಯುತ್ತಲೇ ಇದ್ದಿರಿ.

ಮಾನ್ಯರೇ, ನನ್ನ ಮುಖ್ಯ ದೂರು ಇಲ್ಲಿದೆ. ಕೇಬಲ್ ಉದ್ದವಾಯಿತು. ಎರಡೇ ಪದ. ಆ ಎರಡು ಪದಗಳನ್ನು ತಾವು ಮೊದಲ ದಿನವೇ ಹೇಳಬಹುದಿತ್ತು. ಕೋಟಿಗಟ್ಟಲೆ ಲೆಕ್ಕವನ್ನು ಕಣ್ಣು ಮಿಟುಕಿಸುವುದರಲ್ಲಿ ಮಾಡುವ ತಮ್ಮ ಬುದ್ಧಿಗೆ ಎರಡು ಪದ ಹೊಸೆಯಲು ಪುರುಸೊತ್ತಾಗಲಿಲ್ಲ. ಅದೇ ಮಾತನ್ನು ಸರ್ ಅವರಿಗೆ ಫೋನಿನಲ್ಲಿ ಹೇಳಿದೆ: “ಸರ್, ಕಾರ್ಡಿಗೆ ಏನೂ ಆಗಿಲ್ಲ, ವೈರು ಉದ್ದ ಆಗೈತೆ. ಟೇಬಲ್ ಮೇಲೆ ಇಟ್ಕಂಡ್ರೆ ಸಾಕು, ಪಕ್ಕದಾಗೆ.” ಸರ್ ಉತ್ತರ: “ನೀರಿನ ಪಕ್ಕದಾಗಾ? ಆಗಲ್ಲ. ಕೊಟ್ಟೂರಪ್ಪ ಸಾವ್ಕಾರ್ರಿಗೆ ನಾನು ಹೇಳ್ಕಂತೀನಿ ಬಿಡು. ನಾಳೆ ಮೇಸ್ತ್ರಿ ಬರ್ತಾನೆ, ಗೋಡೆ ಎದ್ದಮೇಲೆ ಎಲ್ಲಾ ಒಪ್ಕಂತಾರೆ.”

ನಾನು ಈ ಊರಿಗೆ ಬಂದ ಮೇಲೆ ಫ್ಲೆಕ್ಸ್ ಅಂಗಡಿ ಬಿಟ್ಟೆ, ಜೆರಾಕ್ಸ್ ಅಂಗಡಿ ಬಿಟ್ಟೆ, ಮದುವೆ ವಿಡಿಯೋದವರನ್ನು ಬಿಟ್ಟೆ. ಒಂದು ಕಡೆ ನಿಲ್ಲದವನು ಎಂದು ಊರಲ್ಲಿ ಹೆಸರಾಗಿದೆ. ಈ ಕೆಲಸವೊಂದು ಮನಸ್ಸಿಗೆ ಹತ್ತಿತ್ತು. ಅದನ್ನೂ ಕಳೆದುಕೊಳ್ಳುವ ಸಿದ್ಧತೆಯಲ್ಲಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ, ತಮ್ಮನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಅಕ್ಕನಾಗಮ್ಮನವರಿಗೆ ಅಡುಗೆಮನೆ ತೋರಿಸಿಯೇ ಬರೋಣವೆಂದು ಹರಿಹರದ ಬಸ್ಸು ಹತ್ತಿದೆ. ಕಂಡಕ್ಟರು ತಮ್ಮನ್ನು ಬೆರಳಿನಿಂದ ತಿವಿದು, “ಏನದು, ಮಿಕ್ಸಿನಾ?” ಎಂದ. ಗ್ರಾಫಿಕ್ಸ್ ಕಾರ್ಡು ಎಂದೆ. “ಇಷ್ಟ್ ದಪ್ಪ ಕಾರ್ಡು ಯಾವ್ದಪ್ಪ, ರೇಷನ್ದಾ?” ಎಂದು ಕೇಳಿ ಹಿಂದಿನ ಸೀಟಿನವರನ್ನೆಲ್ಲ ನಗಿಸಿ ಮುಂದೆ ಹೋದ. ತಮಗೆ ಆದ ಆ ಅವಮಾನದಿಂದ ನನಗೆ ಬಹಳ ಸಮಾಧಾನವಾಯಿತು ಎಂಬುದನ್ನು ದಾಖಲಿಸುತ್ತೇನೆ.

ಕೊಟ್ಟೂರಪ್ಪನವರು ಈಗಿರುವ ಹಳೆಯ ಮನೆಯ ಅಡುಗೆಮನೆಯಲ್ಲಿ ಮಾತ್ರ ಖಾಲಿ ಪ್ಲಗ್ಗು ಇತ್ತು. ಅಕ್ಕನಾಗಮ್ಮನವರು ಕಟ್ಟೆಯ ಮೇಲೆ ಜಾಗ ಮಾಡಿ, ತಮ್ಮನ್ನು ಗ್ಯಾಸ್ ಒಲೆಗೂ ನೀರಿನ ನಲ್ಲಿಗೂ ನಡುವೆ ಇಟ್ಟರು. ನಾನು ಸರ್ ಹೇಳಿದ ಬೆಂಕಿ-ನೀರಿನ ವಿಷಯವನ್ನು ಹೇಳಿದಾಗ ಅವರು ಒಲೆಯನ್ನೂ ನಲ್ಲಿಯನ್ನೂ ಒಮ್ಮೆ ನೋಡಿ, “ನಮ್ಮನೇಲಿ ಬೆಂಕಿ, ನೀರು ಎರಡೂ ಒಂದೇ ಕಟ್ಟೆ ಮೇಲೆ ಅದಾವಪ್ಪ. ಜಗಳ ಆಡೋದು ನಾನೂ ಇವ್ರೂ ಅಷ್ಟೆ” ಎಂದು ಗಂಡನ ಕಡೆ ಗದ್ದ ಎತ್ತಿ ತೋರಿಸಿದರು. ಮೇಲೆ ಬಲ್ಬು ಉರಿಯುತ್ತಿತ್ತು. ಹೊರಗೆ ಇನ್ನೂ ಬಿಸಿಲಿತ್ತು.

ಮತ್ತೆ ಗೇಟು, ಪಡಸಾಲೆ, ದೇವರ ಮನೆ. ಅಡುಗೆಮನೆಯ ಬಾಗಿಲು ತೆರೆಯಿತು. ಹರಿಹರದ ಬೆಳಗಿನ ಹತ್ತು ಗಂಟೆಯ ಬಿಸಿಲನ್ನೇ ಇಟ್ಟಿದ್ದೆ. ಪರದೆ ಕಪ್ಪಾಯಿತು. “ಮತ್ತೆ ಆಫ್ ಆತಾ?” ಎಂದರು ಅಕ್ಕನಾಗಮ್ಮ. ನಾನೂ ಹಾಗೆಂದೇ ತಿಳಿದೆ. ತಮ್ಮ ಕಡೆ ತಿರುಗಿದರೆ ಎರಡೂ ಫ್ಯಾನು ತಿರುಗುತ್ತಿವೆ, ದೀಪ ಹಸಿರಾಗಿದೆ. ಕಣ್ಣು ಕಿರಿದು ಮಾಡಿ ನೋಡಿದಾಗ ಆ ಕಪ್ಪಿನೊಳಗೆ ಒಂದು ಸಿಂಕು ಕಂಡಿತು, ಆಮೇಲೆ ಒಂದು ಕಿಟಕಿ, ಕಿಟಕಿಯಾಚೆ ಪಕ್ಕದವರ ಗೋದಾಮಿನ ಎತ್ತರದ ಗೋಡೆ. “ಇಲ್ಲಮ್ಮ, ಆಫ್ ಆಗಿಲ್ಲ. ಇದೇ ಅಡಿಗೆ ಮನೆ” ಎಂದೆ.

ಕೊಟ್ಟೂರಪ್ಪನವರು, “ಒಂದು ಲೈಟ್ ಹಾಕಿದ್ರೆ ಆತಪ್ಪ” ಎಂದರು. ಅಕ್ಕನಾಗಮ್ಮನವರು ತಲೆಯ ಮೇಲಿನ ಬಲ್ಬನ್ನು ನೋಡಿದರು, ಗಂಡನನ್ನು ನೋಡಿದರು. “ಒಲೆ ಎಲ್ಲಿರ್ಬೇಕು ಅಂತ ಎಲ್ರುನ್ನೂ ಕೇಳಿದ್ರಿ. ಒಲೆ ಮುಂದೆ ನಿಲ್ಲೋಳನ್ನ ಒಬ್ರೂ ಕೇಳ್ಲಿಲ್ಲ” ಎಂದರು. ನಂತರ ನನ್ನ ಕೈಯಿಂದ ಹೊತ್ತು ಬದಲಿಸುತ್ತಾ ಇಡೀ ಮನೆ ಸುತ್ತಿಸಿದರು. ಹೊಳೆಯ ಕಡೆಗೆ, ವಾಯವ್ಯದಲ್ಲಿ, ಸಾಮಾನಿಡುವ ಕೋಣೆಯಲ್ಲಿ ನೆಲದ ಮೇಲೆ ಮಧ್ಯಾಹ್ನದ ಬಿಸಿಲು ಅಗಲವಾಗಿ ಬಿದ್ದಿತ್ತು. ಖಾಲಿ ಡ್ರಮ್ಮುಗಳಿಗೆಂದು ಇಟ್ಟ ಕೋಣೆ. ಅಲ್ಲಿ ನಿಲ್ಲಿಸು ಎಂದರು. “ಅಡಿಗೆ ಮನೆ ಇಲ್ಲಿಗೆ ಬರ್ಲಿ” ಎಂದರು.

ಸರ್ ಅವರಿಗೆ ಫೋನು ಹೋಯಿತು, ಸ್ಪೀಕರಿನಲ್ಲಿ. ಸರ್ ಮೊದಲು ಶಾಸ್ತ್ರ ಹೇಳಿದರು. “ಹಂಗಾದ್ರೆ ಶಾಸ್ತ್ರಾನೇ ಬಂದು ಅಕ್ಕಿ ಆರಿಸ್ಲಿ. ನಾಳೆ ಮೇಸ್ತ್ರಿ ಬಂದ್ರೆ ನಾನು ತಳಪಾಯದ ಮೇಲೆ ಕುಂತಿರ್ತೀನಿ, ನನ್ನ ಎಬ್ಬಿಸಿ ಗೋಡೆ ಎಬ್ಬಿಸ್ರಿ” ಎಂದರು ಅಕ್ಕನಾಗಮ್ಮ. ಆ ಕಡೆ ಒಂದು ಗುಟುಕು ನೀರು ಕುಡಿದ ಸದ್ದಾಯಿತು. ಆಮೇಲೆ ನಮ್ಮ ಸರ್ ಬಾಯಿಂದ, ಜೇನು ಬೆರೆಸಿದಂತೆ, “ವಾಯವ್ಯಾನೂ ಅಡಿಗೆಗೆ ಬರ್ತೈತ್ರಮ್ಮ. ನಾನೇ ಹೇಳ್ಬೇಕು ಅಂತಿದ್ದೆ” ಎಂಬ ಮಾತು ಬಂತು. ಹಾಗೆ ಆ ಎರಡು ಕೋಣೆಗಳು ಅದಲುಬದಲಾದವು, ಗೋಡೆ ಏಳುವ ಮುನ್ನ.

ಸೋಮವಾರ ನನ್ನನ್ನು ಕೆಲಸದಿಂದ ತೆಗೆಯುವರೆಂದುಕೊಂಡೇ ಕಚೇರಿಗೆ ಹೋದೆ. ತೆಗೆಯಲಿಲ್ಲ, ಅಕ್ಕನಾಗಮ್ಮನವರು ಆಗಲೇ ತಮ್ಮ ತಂಗಿ ಕಟ್ಟಿಸುವ ಮನೆಯನ್ನೂ ಆ ಉಜ್ಜನಪ್ಪನೇ ತೋರಿಸಬೇಕು ಎಂದು ಹೇಳಿ ಕಳಿಸಿದ್ದರು. ಸರ್ ತಮ್ಮನ್ನು ನನ್ನ ಮೇಜಿನ ಮೇಲೆಯೇ ಇಡಲು ಒಪ್ಪಿದರು. ಬೆಂಕಿಗೂ ನೀರಿಗೂ ನಡುವೆ ಒಂದು ತಾಮ್ರದ ತಟ್ಟೆ ನಿಲ್ಲಿಸಿದರೆ ದೋಷ ಪರಿಹಾರವಂತೆ. ಕೇಬಲ್ ಗಿಡ್ಡವಾದದ್ದರಿಂದ ಕಾರ್ಡು ಸರಿಹೋಯಿತು ಎಂದು ನಾನು ಹೇಳುತ್ತೇನೆ, ತಟ್ಟೆಯಿಂದ ಸರಿಹೋಯಿತು ಎಂದು ಸರ್ ಬಂದವರಿಗೆಲ್ಲ ಹೇಳುತ್ತಾರೆ. ತಾವು ಎಂದಿನಂತೆ ಬಾಯಿ ಬಿಡುವುದಿಲ್ಲ.

ಆದ್ದರಿಂದ ಸನ್ನಿಧಾನದಲ್ಲಿ ನನ್ನ ಕೋರಿಕೆಯಿಷ್ಟು. ಮುಂದೆ ತಮಗೆ ಮುನಿಸು ಬಂದರೆ ಸಂಖ್ಯೆ ಬಿಟ್ಟು ಕಾರಣ ಹೇಳಬೇಕು, ಅದೂ ದಾವಣಗೆರೆಯವರಿಗೆ ತಿಳಿಯುವ ಕನ್ನಡದಲ್ಲಿ; ಲೇ ಉಜ್ಜಾ, ವೈರು ಉದ್ದ ಆತು ಎಂದು ಗದರಿಸಿದರೂ ಸಾಕು. ಸಾಧ್ಯವಾದರೆ ಸರ್ ಅವರ ತಲೆಗೂ ಒಂದು ಹಳದಿ ತ್ರಿಕೋನವನ್ನು ಅಂಟಿಸಿ, ಯಾವಾಗ ಶಾಸ್ತ್ರ ಬದಲಾಗುತ್ತದೆಂದು ನನಗೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆ ಮಾಡಬೇಕು. ಟೇಬಲ್ ಫ್ಯಾನನ್ನು ಹಿಂದಿರುಗಿಸಬೇಕು.

ಬೈಗುಳವನ್ನೆಲ್ಲ ನುಂಗಿಕೊಂಡು, ಈಗಲೂ ತಮ್ಮ ಧೂಳು ಒರೆಸುತ್ತಿರುವ,
ತಮ್ಮ ವಿಶ್ವಾಸಿ,
ಉಜ್ಜನಪ್ಪ

ತಾ.ಕ.: ಇಂದು ಸರ್ ಇನ್ನೊಂದು ಮನೆಯ ನಕ್ಷೆ ತಂದಿದ್ದಾರೆ. ಅಲ್ಲಿಯೂ ಅಡುಗೆಮನೆಗೆ ಪಕ್ಕದವರ ಗೋಡೆ ಅಡ್ಡ. “ಸೂರ್ಯನ್ನ ಒಂದೇ ಯಾಕ ಇಡ್ತೀಯೋ? ಕಂಪ್ಯೂಟ್ರಾಗೆ ಎಷ್ಟ್ ಬೇಕಾದ್ರೂ ಬರ್ತಾವಲ್ಲ. ಅಡಿಗೆ ಮನೆ ಕಡೆಗೂ ಒಂದು ಇಡು, ಬೆಳ್ಳಗೆ ಕಾಣ್ಲಿ” ಎಂದಿದ್ದಾರೆ. ಸಂಬಳದವನು, ಇಟ್ಟಿದ್ದೇನೆ. ಗುರುವಾರ ಆ ಮನೆಯ ಹೆಣ್ಣುಮಗಳು ನೋಡಲು ಬರುತ್ತಾರೆ. ಅವರು ಅಡುಗೆಮನೆಯ ಹೊಸ್ತಿಲಿಗೆ ಬರುವ ಹೊತ್ತಿಗೆ, ಮಾನ್ಯರೇ, ಕೈ ಮುಗಿದು ಕೇಳುತ್ತೇನೆ, ದಯವಿಟ್ಟು ಕೆಲಸ ಮಾಡಬೇಡಿ.